ಕಿವಿಗೆ ನೀಲಿ ಹಚ್ಚೂ ಡಾಕ್ಟರ್ರು

ಡಾಕ್ಟರ್ರು ಹೋಗಿ ಇವತ್ತಿಗೆ ಇಪ್ಪತ್ತೊಂದು ದಿನ ಆತು. ಓಣ್ಯಾಗ ಒಬ್ಬೊಬ್ಬರು ಒಂದೊಂದು ಹೇಳಾಕ ಹತ್ಯಾರ. ದೇವರಂಥಾ ಮನಶ್ಯಾ ಅಂತಾರ, ಒಂದು ಇರಿವಿ ಸೈತ ತುಳೀಲಿಲ್ಲ ಅಂತಾರ, ಮೂಕ ಪ್ರಾಣಿಗೆ ತಂದಿ ಆಗಿದ್ರು ಅಂತಾರ. ಸತ್ತ ಎಮ್ಮಿಗೆ ಆರು ಸೇರು ಹಾಲು ಅನ್ನೂದು ಲೋಕದ ರೂಢಿ, ಆದ್ರ ಇವರು ಇದ್ದಾಗೂ ಅಷ್ಟ ಚೊಲೊ ಇದ್ರು. ನನಗ ಸಿಟ್ಟು ಬರೂದು ಅದಕ್ಕಲ್ಲ. ಹಿಂಗ ಹೊಗಳೂ ಮಂದ್ಯಾಗ ಅರ್ಧಕ್ಕರ್ಧ ಮಂದಿ ಆ ಮನಶ್ಯಾನ ಕೈಯಿಂದ ಏನು ಮಾಡಿಸಿದ್ರು ಅನ್ನೂದು ನನಗ ಗೊತ್ತು. ನಾ ಏನು ಮಾಡಿದ್ನಿ ಅನ್ನೂದೂ ಗೊತ್ತು. ಅದಕ್ಕ ಬರಿಯಾಕ ಕುಂತೀನಿ. ಏಳನೇತ್ತಾ ಕಲ್ತಾಕಿ, ತಪ್ಪಿದ್ರ ತಿದ್ದಿಕೊಂಡು ಓದ್ರಿ.

ಅವರ ಹೆಸರು ಬರಿಯಂಗಿಲ್ಲ. ಬರದ್ರೂ ಯಾರಿಗೂ ಗುರ್ತ ಹತ್ತಂಗಿಲ್ಲ. ಗದಗದಿಂದ ಮುಂಡರಗಿ ತನಕ ಎಲ್ಲಾರೂ ಅವರಿಗೆ ‘ಹಲ್ಲಿನ ಡಾಕ್ಟರ್ರು’ ಅಂತಿದ್ರು. ಮನಶ್ಯಾರ ಹಲ್ಲಲ್ಲ ಮತ್ತ, ನಾಯಿ-ಬೆಕ್ಕಿನ ಹಲ್ಲು. ಮೂವತ್ತು ವರ್ಷ ದನದ ಡಾಕ್ಟರ್ ಆಗಿ ಸರಕಾರಿ ಕೆಲಸ ಮಾಡಿ, ರಿಟೈರ್ ಆದ ಮ್ಯಾಲೆ ಬೆಟಗೇರಿಯೊಳಗ ನೇಕಾರ ಓಣಿ ಬಾಜೂಕ ಒಂದು ಖೋಲಿ ಹಿಡದಿದ್ರು. ಮುಂದಿನ ಅರ್ಧದಾಗ ದವಾಖಾನಿ, ಹಿಂದಿನ ಅರ್ಧದಾಗ ಅವರ ಸಂಸಾರ. ಸಂಸಾರ ಅಂದ್ರ ಒಂದು ಸ್ಟೋ, ಒಂದು ಹಾಸಿಗಿ, ಗೂಟಕ್ಕ ತೂಗಹಾಕಿದ ಎರಡು ಜೋಡಿ ಅರವಿ. ಮದ್ವಿ ಆಗಿರಲಿಲ್ಲ.

ನಗಬ್ಯಾಡ್ರಿ, ಅವರ ಹಲ್ಲ ಸೊಟ್ಟ ಇದ್ವು. ತೆಳಗಿನ ದವಡಿ ಮುಂದ ಬಂದು, ತೆಳಗಿನ ಹಲ್ಲು ಮ್ಯಾಲಿನ ಹಲ್ಲಿನ ಮುಂದ ನಿಂತಿದ್ವು. ಬಾಯಿ ಮುಚ್ಚಿಕೊಂಡು ಕುಂತ್ರ ಯಾರ ಮ್ಯಾಲೋ ಸಿಟ್ಟಿಗೆದ್ದಾರ ಅನಸ್ತಿತ್ತು. ಖರೆ ಅಂದ್ರ ಆ ಮನಶ್ಯಾಗ ಸಿಟ್ಟು ಅನ್ನೂದ ಗೊತ್ತಿರಲಿಲ್ಲ. ದವಾಖಾನಿಯ ಸಿಟ್ಟೆಲ್ಲಾ ನನ್ನ ಪಾಲಿಗೆ.

ಒಮ್ಮೆ ಲಕ್ಷ್ಮೇಶ್ವರದ ಕಡಿಯವ ಒಬ್ಬಾವ ಒಂದು ಬ್ಯಾಟಿ ನಾಯಿ ತಂದಿದ್ದ. ಉದ್ದನ ಮೂತಿ, ಸಣ್ಣ ನಡ, ಚಂದ ಅಂದ್ರ ಚಂದ. ಆದ್ರ ಮ್ಯಾಲಿನ ದವಡಿ ಬೆಟ್ಟಿನಷ್ಟು ಮುಂದ ಬಂದಿತ್ತು. ಅವ ತಲಿ ಮ್ಯಾಲೆ ಕೈ ಹೊತ್ಕೊಂಡು ಕುಂತ, “ಇದನ್ನ ಇಟಗೊಂಡು ಏನು ಮಾಡ್ಲಿರಿ?” ಅಂತ.

“ಉಣತೈತಿ?” ಕೇಳಿದ್ರು ಡಾಕ್ಟರ್ರು.

“ನನಗಿಂತ ಜಾಸ್ತಿ ಉಣತೈತ್ರಿ.”

“ಓಡ್ತೈತಿ?”

“ಗಾಳಿ ಓಡಿಧಂಗ ಓಡ್ತೈತ್ರಿ.”

“ಮತ್ತೇನು ಬ್ಯಾನಿ ನಿನಗ? ಮರಿ ಮಾಡಿಸಬ್ಯಾಡ, ಅಷ್ಟ. ನೋವು ಐತೋ ಇಲ್ಲೋ ನೋಡು. ಚಂದ ಐತೋ ಇಲ್ಲೋ ನೋಡಬ್ಯಾಡ. ಇಲ್ಲೆ ನೋಡಪಾ,” ಅಂತ ತಮ್ಮ ಬಾಯಿ ಹಿಗ್ಗಿಸಿ ಅವನ ಮುಂದ ಹಿಡದ್ರು. “ನಂದು ನಾಯಿದಕ್ಕಿಂತ ಸೊಟ್ಟ. ನಾ ಬದುಕಿಲ್ಲೇನು?”

ಅವ ಬಗ್ಗಿ ನೋಡಿದ. “ಹೌದ್ರಿ. ಆದ್ರ ನಿಮಗೂ ಮದ್ವಿ ಆಗಿಲ್ಲಲ್ರಿ?” ಅಂದ.

ನಾ ಟ್ರೇ ಅಲ್ಲೇ ಕುಕ್ಕಿ ಅವಗ ಬೈಯಾಕ ಹೋದ್ರ ಡಾಕ್ಟರ್ರು ಹೊಟ್ಟಿ ಹಿಡಕೊಂಡು ನಗಾಕ ಹತ್ತಿದ್ರು. ಸಂಜೀತನಕ ನೆನಸಿ ನೆನಸಿ ನಕ್ರು. ಬಾಗಿಲಾ ಹಾಕೂ ಮುಂದ ಮಾತ್ರ, “ಅವ ಖರೇನ ಅಂದ ನೋಡು, ಫಕ್ಕೀರವ್ವ. ಮೂರು ಕಡೆ ಹೆಣ್ಣು ನೋಡಾಕ ಹೋಗಿದ್ದೆ. ಮೂರೂ ಕಡೆ ಅವ್ವಂದಿರು ನನ್ನ ಬಾಯಿನ ನೋಡಿದ್ರು,” ಅಂದ್ರು. ಆಮ್ಯಾಲೆ ಆ ಮಾತು ಮತ್ತೆಂದೂ ಎತ್ತಲಿಲ್ಲ.

ಫಕ್ಕೀರವ್ವ ಅಂದ್ರ ನಾನು. ಹುಟ್ಟಿದ್ದು ಶಿರಹಟ್ಟಿ, ಅಲ್ಲೆ ಮಠದ ಅಜ್ಜಾರ ಹೆಸರಿಡೂ ರೂಢಿ, ಮನಿಗೊಬ್ಬ ಫಕ್ಕೀರಪ್ಪ, ಓಣಿಗೊಬ್ಬಾಕಿ ಫಕ್ಕೀರವ್ವ. ಕೊಟ್ಟಿದ್ದು ಬೆಟಗೇರಿಗೆ. ಮಗ್ಗ ನಿಂತು, ಗಂಡ ಹಮಾಲಿಗೆ ಹೋಗೂ ಹೊತ್ತಿನ್ಯಾಗ ನನ್ನ ಕಡೆ ಉಳದಿದ್ದು ಒಂದು ಆಡು. ಅದರ ಬಾಯಾಗ ಬಾವು ಬಂದಿತ್ತು, ತೊಗೊಂಡು ಹೋಗಿದ್ನಿ. ನಾ ಅದರ ದವಡಿ ಹಿಡಕೊಂಡಿದ್ದು ನೋಡಿ, ಡಾಕ್ಟರ್ರು ಔಷಧ ಹಚ್ಚೂದು ಬಿಟ್ಟು ನನ್ನ ಕೈ ನೋಡಕೋಂತ ನಿಂತ್ರು.

“ಯವ್ವಾ, ನೀ ಏನು ಕೆಲಸ ಮಾಡ್ತಿ?”

“ಏನಿಲ್ರಿ. ಮಗ್ಗ ಇತ್ತು, ನಿಂತೈತಿ.”

“ಅದಕ್ಕ ಮತ್ತ. ಹರದ ಎಳಿ ಗಂಟು ಹಾಕೂ ಕೈ ಅವು. ನಾಳಿಯಿಂದ ಇಲ್ಲೆ ಬಾ. ಬಾಯಿ ಹಿಡಿಯೂ ಕೈ ಎಲ್ಲಾರಿಗೂ ಇರಂಗಿಲ್ಲ.”

ಗಂಡ ಹೆಸರು ಹಿಡದು ಕರದವ ಅಲ್ಲ, ಅತ್ತಿ ಬೈಯೂದಕ್ಕಷ್ಟ ಕರಿಯಾಕಿ. ನನ್ನ ಕೈಯಾಗ ಏನೋ ಐತಿ ಅಂತ ಹೇಳಿದ ಮೊದಲನೇ ಮನಶ್ಯಾ ಅವರು. ಒಂಬತ್ತು ವರ್ಷ ಆ ಕೈಲೆ ಬಾಯಿ ಹಿಡದ್ನಿ. ಎಡಗೈ ದವಡಿ ತೆಳಗ, ಬಲಗೈ ಮೂತಿ ಮ್ಯಾಲೆ, ಹೆಬ್ಬೆಟ್ಟು ತುಟಿ ಒಳಗ ಹೋಗದಂಗ. ಬಿಗಿ ಹಿಡದ್ರ ಪ್ರಾಣಿ ಅಂಜತೈತಿ, ಸಡ್ಲ ಹಿಡದ್ರ ಕಡೀತೈತಿ. ನಡುವ ಒಂದು ಹಿಡತ ಐತಿ, ಅದನ್ನ ಅವರು ನನಗ ಕಲಿಸಿದ್ರು.

ಹಲ್ಲಿನ ವಿದ್ಯಾನೂ ಕಲಿಸಿದ್ರು. ನಾಯಿ ಬಾಯಾಗ ನಲವತ್ತೆರಡು, ಬೆಕ್ಕಿಗೆ ಮೂವತ್ತು. ಮುಂದಿನ ಸಣ್ಣ ಹಲ್ಲು ಕತ್ತರಿ ಇದ್ಧಂಗ ಇರಬೇಕು, ಮ್ಯಾಲಿಂದು ಮುಂದ, ತೆಳಗಿಂದು ಅದರ ಬೆನ್ನಿಗೆ ತಾಗಿಧಂಗ. ತೆಳಗಿನ ಕೋರಿಹಲ್ಲು, ಮ್ಯಾಲಿನ ಕೋರಿಹಲ್ಲಿನ ಮುಂದ ಒಂದು ಸಂದಿ ಇರ್ತೈತಲ್ಲ, ಅದರಾಗ ಹೋಗಿ ಕುಂಡ್ರಬೇಕು, ಅತ್ತಾಗಿತ್ತಾಗ ಯಾವುದಕ್ಕೂ ತಿಕ್ಕಬಾರದು. ಆ ಸಂದಿಗೆ ಅವರು ‘ಮನಿ’ ಅಂತಿದ್ರು. “ನೋಡು, ಇದರ ಹಲ್ಲು ಮನಿ ಸೇರೇತಿ,” ಅಂತಿದ್ರು ಖುಷೀಲೆ. ಸೇರಲಿಲ್ಲಂದ್ರ, “ಪಾಪ, ದಾರಿ ತಪ್ಪೇತಿ,” ಅಂತಿದ್ರು. ಫೇಲ್ ಅನ್ನೂ ಮಾತು ಅವರ ಬಾಯಾಗ ನಾ ಒಂದು ದಿನಾನೂ ಕೇಳಿಲ್ಲ.

ಮಂದಿಗೆ ತಿಳಿಸಿ ಹೇಳಾಕಂತ ಒಂದು ನಾಯಿ ತಲಿಬುರುಡಿ ಇಟ್ಟಿದ್ರು, ದವಡಿ ಸೈತ. ಅದನ್ನ ಟವೆಲ್ಲಿನ್ಯಾಗ ಸುತ್ತಿ, ಚೀಲದಾಗ ಹಾಕ್ಕೊಂಡು ಊರೂರಿಗೆ ಬಸ್ಸಿನ್ಯಾಗ ಒಯ್ತಿದ್ರು. ಶಿರಹಟ್ಟಿ ಬಸ್ಸಿನ್ಯಾಗ ಒಮ್ಮೆ ಬ್ರೇಕ್ ಹಾಕಿದಾಗ ಆ ಬುರುಡಿ ಉರುಳಿ ಒಬ್ಬಾಕಿ ಕಾಲ ಹಂತ್ಯಾಕ ಹೋಗಿ ನಿಂತಿತು. ಆಕಿ ಚೀರಿದ್ದಕ್ಕ ಬಸ್ಸ ನಿಲ್ತು. ಇವರು ನಡುವ ನಿಂತು, ಮಾಟ ಮಾಡಾವಲ್ಲವಾ ನಾನು, ಡಾಕ್ಟರ್ ಅದೀನಿ ಅಂತ ಹೇಳಿ, ಅಷ್ಟಕ್ಕ ಬಿಡದ ಆ ಬುರುಡಿ ತೋರಿಸಿ ಎಲ್ಲಾರಿಗೂ ಪಾಠ ಚಾಲೂ ಮಾಡಿದ್ರು. ಕಂಡಕ್ಟರ್, “ಡಾಕ್ಟರ, ನಿಮ್ಮ ನಾಯಿದೊಂದು ಅರ್ಧಾ ಟಿಕೀಟ್ ತಗಸ್ರಿ,” ಅಂದ. ಆ ಬಸ್ಸಿನ್ಯಾಗ ನಕ್ಕಷ್ಟು ನಾ ಜಲ್ಮದಾಗ ನಕ್ಕಿಲ್ಲ.

ನಗೂದು ಅಲ್ಲೀಗೆ ಮುಗೀತು. ಇನ್ನ ನೀಲಿ ವಿಷಯ ಹೇಳಬೇಕು.

ಈ ಕಡೆ ಬ್ಯಾಟಿ ನಾಯಿ ಮರಿ ಮಾಡಿ ಮಾರೂ ಮಂದಿ ಬೇಕಾದಷ್ಟು ಅದಾರ. ಡಾಕ್ಟರ್ರ ಹೆಸರು ಎದ್ದ ಮ್ಯಾಲೆ, ಕೊಳ್ಳೂ ಮಂದಿ ‘ಹಲ್ಲಿನ ಡಾಕ್ಟರ್ರಿಗೆ ತೋರಿಸೀರೇನು?’ ಅಂತ ಕೇಳಾಕ ಹತ್ತಿದ್ರು. ಹಿಂಗಾಗಿ ಮಾರೂ ಮಂದಿ ಒಂದು ಸೂಲಿನ ಮರಿಗಳನ್ನೆಲ್ಲಾ ಬುಟ್ಟಿಯೊಳಗ ಹಾಕ್ಕೊಂಡು ತರತಿದ್ರು. ಎಂಟ್ಹತ್ತು ವಾರದ ಮರಿ, ಎಲ್ಲಾ ಒಂದ ನಮೂನಿ. ಅದರಾಗ ಒಂದಕ್ಕೋ ಎರಡಕ್ಕೋ ತೆಳಗಿನ ಹಾಲಹಲ್ಲು ಒಳಗ ಹೊಳ್ಳಿ ಮ್ಯಾಲಿನ ಬಾಯಿ ಅಂಗಳಕ್ಕ ಚುಚ್ಚತಿರ್ತಿತ್ತು. ಡಾಕ್ಟರ್ರು ಸೂಜಿ ಮಾಡಿ ಆ ಹಾಲಹಲ್ಲು ತಗೀತಿದ್ರು. ದಾರಿ ಬಿಟ್ಟುಕೊಟ್ರ ದವಡಿ ತಾನ ಬೆಳೀತೈತಿ, ಹೊಸಾ ಹಲ್ಲು ಬಂದಾಗ ಮನಿ ಸೇರಿದ್ರೂ ಸೇರಬಹುದು. ಸೇರೇ ಸೇರ್ತೈತಿ ಅಂತಿಲ್ಲ. ಅದಕ್ಕ ಆರು ತಿಂಗಳಿಗೆ ಮತ್ತೊಮ್ಮೆ ನೋಡಬೇಕು.

ಯಾವ ಮರಿ ಅಂತ ಗುರ್ತಿಗೆ ಏನು ಮಾಡೂದು? ದನದ ಗಾಯಕ್ಕ ಹಚ್ಚತಾರಲ್ಲ ನೀಲಿ ಔಷಧ, ಅದರಾಗ ಹತ್ತಿ ಅರಳಿ ಅದ್ದಿ ಬಲಗಿವಿ ಒಳಗ ಒಂದು ಬಟ್ಟು ಇಡತಿದ್ರು. ತಮ್ಮ ಪುಸ್ತಕದಾಗ ತಂದವರ ಹೆಸರು, ಊರು ಬರದು, ‘ಮೂರನೇದು, ನೀಲಿ’ ಅಂತ ಬರಕೋತಿದ್ರು. ಬಂದವರಿಗೆ, “ಈ ನೀಲಿದನ್ನ ಆರು ತಿಂಗಳಿಗೆ ಕರಕೊಂಡು ಬರ್ರಿ. ದೊಡ್ಡದಾದ್ರೂ ಇದರ ಮರಿ ಮಾಡಿಸಬ್ಯಾಡ್ರಿ,” ಅಂತಿದ್ರು. ಅವರ ಲೆಕ್ಕದಾಗ ನೀಲಿ ಅಂದ್ರ ‘ಮತ್ತ ಬಾ, ನಾ ನಿನ್ನ ಮರ್ತಿಲ್ಲ’ ಅಂತ.

ಎತ್ತು ಈದೈತಿ ಅಂದ್ರ ಕೊಟ್ಟಗಿಯೊಳಗ ಕಟ್ಟು ಅನ್ನೂ ಮಂದಿ ನಾವು. ಅವರು ಹೇಳಿದ್ರಾಗ ಕಡೀ ಮಾತಷ್ಟ ಮಂದಿ ಕಿವಿಗೆ ಬಿತ್ತು. ಮರಿ ಮಾಡಿಸಬಾರದು ಅಂದ್ರ ಅದು ಮಾರಾಕ ಬರಂಗಿಲ್ಲ. ಮಾರಾಕ ಬರದ್ದು ಬುಟ್ಟಿಯೊಳಗ ಇದ್ರ, ಕೊಳ್ಳಾಕ ಬಂದವರು ನೀಲಿ ನೋಡಿ ಇಡೀ ಸೂಲಿನ ಮ್ಯಾಲೆ ಸಂಶೆ ಪಡತಾರ. ಅಂದ ಮ್ಯಾಲೆ ಅದನ್ನ ಮನೀತನಕ ಯಾಕ ಒಯ್ಯಬೇಕು?

ಆರು ತಿಂಗಳಿಗೆ ಯಾರೂ ಬರತಿರಲಿಲ್ಲ. ಡಾಕ್ಟರ್ರು ಪುಸ್ತಕ ತಗದು ನೋಡತಿದ್ರು. ಮೊದಮೊದಲು ಮುಖ ಸಣ್ಣ ಮಾಡಕೋತಿದ್ರು. ಬರಬರತ ತಾವ ಒಂದು ಸಮಾಧಾನ ಹುಡಕಿಕೊಂಡ್ರು.

“ಬಂದಿಲ್ಲ ಅಂದ್ರ ಹಲ್ಲು ಮನಿ ಸೇರೇತಿ ಅಂತ ಅರ್ಥ, ಫಕ್ಕೀರವ್ವ. ನೋವಿದ್ರ ಓಡಿ ಬರತಿದ್ರು. ಚೊಲೊ ಆದ ಮ್ಯಾಲೆ ಡಾಕ್ಟರನ್ನ ಯಾರು ನೆನಸ್ತಾರ?”

ಹಂಗ ಅಂದು ಆ ಹೆಸರಿನ ಮುಂದ ಒಂದು ಟಿಕ್ ಹಾಕತಿದ್ರು. ಚಾ ತರಸ್ತಿದ್ರು. ಬರಲಾರದ ಒಂದೊಂದು ಮರೀಗೂ ಒಂದೊಂದು ಕಪ್ ಚಾ ಕುಡದೀವಿ ನಾವಿಬ್ಬರೂ.

ನನಗ ಗೊತ್ತಾಗಿದ್ದು ಒಂದು ಮುಂಜಾನೆ. ಮನಿಯಿಂದ ದವಾಖಾನಿಗೆ ನಡಕೊಂಡು ಬರೂ ಮುಂದ, ಗಟಾರದ ದಂಡಿಗೆ ಒಂದು ಗೋಣಿಚೀಲ ಬಿದ್ದಿತ್ತು. ಅದರೊಳಗ ಏನೋ ಮಿಸುಕಾಡತಿತ್ತು. ಬಿಚ್ಚಿದ್ರ ಎರಡು ಮರಿ. ಒಂದು ಆಗಲೇ ಸೆಟದಿತ್ತು. ಇನ್ನೊಂದಕ್ಕ ಉಸರಿತ್ತು. ಎರಡಕ್ಕೂ ಬಲಗಿವಿ ಒಳಗ ನೀಲಿ. ಹಿಂದಿನ ದಿನ ನಾನ ಬಾಯಿ ಹಿಡದ ಮರಿಗಳು ಅವು. ಹಲ್ಲು ತಗದ ಜಾಗಾದಾಗ ರಕ್ತ ಇನ್ನೂ ಒಣಗಿರಲಿಲ್ಲ. ಉಸರಿದ್ದದ್ದನ್ನ ಸೆರಗಿನ್ಯಾಗ ಕಟಗೊಂಡು ಓಡಿ ಬರೂತ್ಲೆ ಅದೂ ತಣ್ಣಗಾತು. ಖೋಲಿ ಹಿಂದ ಬೇವಿನ ಗಿಡದ ಬುಡಕ ಮುಚ್ಚಿ, ಕೈ ತೊಳಕೊಂಡು ಒಳಗ ಹೋದ್ನಿ, ಹೇಳಬೇಕಂತನ ಹೋದ್ನಿ.

ಡಾಕ್ಟರ್ರು ಪುಸ್ತಕ ಮುಂದಿಟಗೊಂಡು ಕುಂತಿದ್ರು. “ಬಾ ಫಕ್ಕೀರವ್ವ, ಮುಂಡರಗಿಯವು ಎರಡಕ್ಕ ಆರು ತಿಂಗಳ ಮುಗೀತು ನೋಡು, ಬಂದಿಲ್ಲ! ಸೇರ್ಯಾವು ಅವೂ,” ಅಂದ್ರು. ಸೊಟ್ಟ ಹಲ್ಲು ಎಲ್ಲಾ ಕಾಣೂವಂಗ ನಕ್ರು.

ಚಾ ತರಾಕ ಹೋದ್ನಿ.

ನಾಳೆ ಹೇಳಿದ್ರಾತು ಅಂದ್ನಿ. ನಾಳೆ ಬಂತು, ನಾಡದ ಬಂತು. ಒಂದು ದಿನ ತಡಾ ಆದ ಮಾತು ಎರಡನೇ ದಿನ ಇನ್ನಷ್ಟು ಭಾರ ಆಗತೈತಿ. ‘ಇಷ್ಟ ದಿನ ಯಾಕ ಹೇಳಲಿಲ್ಲ’ ಅಂದ್ರ ಏನು ಹೇಳ್ಲಿ? ಆ ಮನಶ್ಯಾಗ ಜಗತ್ತಿನ್ಯಾಗ ಇದ್ದದ್ದು ಅದೊಂದ ಸುಖ. ಅದನ್ನ ಕಸಗೊಳ್ಳೂ ಧೈರ್ಯ ಆಗಲಿಲ್ಲ ಅಂತ ನನಗ ನಾನ ಹೇಳಕೊಂಡ್ನಿ. ಅದೂ ಪೂರ್ತಿ ಖರೆ ಅಲ್ಲ. ಅವರು ದವಾಖಾನಿ ಮುಚ್ಚಿದ್ರ ನಾ ಮತ್ತ ಯಾರಿಗೂ ಬ್ಯಾಡಾದ ಫಕ್ಕೀರವ್ವ ಆಗತಿದ್ನಿ. ಅದರ ಅಂಜಿಕಿನೂ ಇತ್ತು.

ಊರಿಗೆಲ್ಲಾ ಗೊತ್ತಿತ್ತು, ಅವರೊಬ್ಬರಿಗೆ ಇರಲಿಲ್ಲ. ಗದಗಿನ್ಯಾಗ ಕೈಬಳಿ ಮಾರೂ ಅಂಗಡಿಯವರ ಮನಿ ಚಾಚಿ ಒಂದು ಬೆಕ್ಕು ತರತಿದ್ಲು, ಉದ್ದ ಕೂದಲದ್ದು, ಮೂಗು ಒಳಗ ಹೋದದ್ದು. ಅದರ ಮ್ಯಾಲಿನ ಕೋರಿಹಲ್ಲು ತೆಳಗಿನ ತುಟಿಗೆ ಒತ್ತಿ ಹುಣ್ಣಾಗಿತ್ತು. ಡಾಕ್ಟರ್ರು ನೋಡಿ ಔಷಧ ಹಚ್ಚಿ, ತಿಂಗಳ ಬಿಟ್ಟು ಬರಬೇಕು ಅಂತ ಗುರ್ತಿಗೆ ನೀಲಿ ತೊಗೊಂಡ್ರ, ಚಾಚಿ ಬೆಕ್ಕನ್ನ ಬುರ್ಖಾದೊಳಗ ಮುಚ್ಚಿಕೊಂಡ್ಲು.

“ನಕೋ ಡಾಕ್ಟರ್ ಸಾಬ್! ನನ್ನ ಬೆಕ್ಕಿಗೆ ನೀಲಿ ಹಚ್ಚಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ.”

“ಆಕಿದು ಖರೆ ಐತಿ. ಬೆಕ್ಕಿಗೂ ಚಂದ ಕಾಣಬೇಕು ಅಂತ ಇರ್ತೈತಿ,” ಅಂತ ನಕ್ಕು ಅರಳಿ ಒಗದ್ರು ಇವರು.

ಚಾಚಿ ಹೊರಗ ಬಂದು ನನ್ನ ಮುಂಗೈ ಹಿಡದ್ಲು. “ಅವರಿಗೆ ಖಬರ ಇಲ್ಲೇನ ಬೇಟಿ? ನೀ ಹೇಳಿಲ್ಲೇನು?”

“ಸುಮ್ನಿರ್ರಿ ಚಾಚಿ,” ಅಂದ್ನಿ ನಾನು. ಆಕಿ ನನ್ನ ಮುಖಾ ನೋಡಿ, ಕೈ ಬಿಟ್ಟು, ಹೋದ್ಲು. ಬೈದಿದ್ರ ಚೊಲೊ ಇತ್ತು.

ಒಂದೇ ಒಂದು ಸಲ ನಾ ಧೈರ್ಯಾ ಮಾಡಿದ್ನಿ. ಲಕ್ಕುಂಡಿಯಿಂದ ಕುರಿ ಸಾಕೂ ಗಂಡಾ ಹೆಂಡ್ತಿ ನಾಕು ಮರಿ ತಂದಿದ್ರು. ಮೂರನೇದು ಬಿಳೇದು, ಬಾಲದ ತುದಿಯಷ್ಟ ಕರೇದು. ಹಲ್ಲು ತಗದು, ನೀಲಿ ಹಚ್ಚಿ, ಡಾಕ್ಟರ್ರು ಕೈ ತೊಳಿಯಾಕ ಒಳಗ ಹೋದ್ರು. ಆ ಮರಿ ನೋವಾದ್ರೂ ನನ್ನ ಹೆಬ್ಬೆಟ್ಟು ನೆಕ್ಕಾಕ ಹತ್ತಿತ್ತು. ಸ್ಪಿರಿಟ್ಟಿನ್ಯಾಗ ಅರಳಿ ಅದ್ದಿ ಗಸಗಸ ಅಂತ ಕಿವಿ ಒರಸಿ, ಉಳದ ಮೂರರ ನಡುವ ತುರುಕಿ, ಡಾಕ್ಟರ್ರು ಬರೂದರೊಳಗ ಬುಟ್ಟಿ ಒಯ್ದು ಹೊರಗ ಕುಂತಿದ್ದ ಗಂಡಾ ಹೆಂಡ್ತಿಗೆ ಕೊಟ್ಟು ಕಳಿಸಿಬಿಟ್ನಿ. ನೀಲಿ ಇಲ್ಲಂದ್ರ ಅವರು ಆರು ತಿಂಗಳಿಗೆ ಬರಂಗಿಲ್ಲ, ಹಲ್ಲು ಚುಚ್ಚಿದ್ರ ಆ ಪ್ರಾಣಿ ನೋವು ತಿಂದು ಬದಕಬೇಕು, ಅದೂ ನನಗ ಗೊತ್ತಿತ್ತು. ಆಮ್ಯಾಲೆ ಎಷ್ಟು ಬುಟ್ಟಿ ಬಂದ್ವೋ, ಎಷ್ಟು ಕಿವಿಗೆ ನೀಲಿ ಹತ್ತಿತೋ, ಎರಡನೇ ಸಲ ನನ್ನ ಕೈ ಏಳಲಿಲ್ಲ.

ಡಾಕ್ಟರ್ರಿಗೆ ಗೊತ್ತಾಗಿದ್ದು ಮುಂಡರಗಿ ಸಂತ್ಯಾಗ, ಹೋದ ವರ್ಷ. ನಾನೂ ಸಂಗಾಟ ಇದ್ನಿ. ಮರಿ ಮಾರೂ ಒಬ್ಬಾವ ಇವರನ್ನ ನೋಡಿದವನ ಎದ್ದು ನಿಂತು ಕಾಲಿಗೆ ಬಿದ್ದ. ಮರಿ ನೋಡಾಕ ಬಂದಿದ್ದ ಗಿರಾಕಿಗೆ, “ನೋಡ್ರಿ, ಇವರ ನಮ್ಮ ಡಾಕ್ಟರ್ರು. ಕಿವಿ ತಿರವ್ಯಾಡಿ ನೋಡ್ರಿ, ನೀಲಿ ಐತೇನು? ನೀಲಿ ಹಚ್ಚಿದ್ದನ್ನ ನಾವು ಮಾರೂದಿಲ್ಲರಿ, ಮನೀಗೂ ಒಯ್ಯೂದಿಲ್ಲ,” ಅಂದ.

“ಮನೀಗೆ ಒಯ್ಯೂದಿಲ್ಲಂದ್ರ?” ಕೇಳಿದ್ರು ಡಾಕ್ಟರ್ರು.

“ನೀವು ಹೇಳಿಧಂಗ ಮಾಡ್ತೀವ್ರಿ ಸರ. ನಿಮ್ಮ ಮಾತು ಒಂದು ದಿನಾನೂ ದಾಟಿಲ್ಲ ನಾವು. ಬರೂ ದಾರ್ಯಾಗ ಬಾಂವಿ ಐತಿ, ಇಲ್ಲಾ ಗೋಣಿಚೀಲ ಐತಿ. ಎಲ್ಲಾರೂ ಹಂಗ ಮಾಡ್ತಾರ್ರಿ.”

ಹೆಮ್ಮಿಲೆ ಹೇಳಿದ ಅಂವಾ. ಶಾಲ್ಯಾಗ ಮಾಸ್ತರ ಮುಂದ ಮಗ್ಗಿ ಒಪ್ಪಿಸಿಧಂಗ ಹೇಳಿದ. ಡಾಕ್ಟರ್ರು ಅಲ್ಲೇ ಧೂಳಿನ್ಯಾಗ ಕುಂತುಬಿಟ್ರು. ಅವರ ತೆಳಗಿನ ದವಡಿ ಅಳ್ಳಾಡತಿತ್ತು. ನೀರು ಕೊಟ್ರ ಕುಡೀಲಿಲ್ಲ. ಬಸ್ಸಿನ್ಯಾಗ ಒಂದ ಸಲ ನನ್ನ ಕಡೆ ಹೊಳ್ಳಿ, “ಫಕ್ಕೀರವ್ವ, ನಾ ಟಿಕ್ ಹಾಕತಿದ್ನಲ್ಲಾ...” ಅಂದ್ರು. ಅಷ್ಟ. ಆಗಾದ್ರೂ ಹೇಳಬೇಕಿತ್ತು ನಾನು. ಕಿಡಕ್ಯಾಗ ಹೊರಗ ನೋಡಕೋಂತ ಕುಂತ್ನಿ.

ಮರುದಿನದಿಂದ ಪುಸ್ತಕ ಹಿಡಕೊಂಡು ಹುಡಕಾಕ ಹೊಂಟ್ರು, ನನ್ನೂ ಕರಕೊಂಡು. ಶಿರಹಟ್ಟಿಗೆ ಹೋದ್ವಿ, ಲಕ್ಷ್ಮೇಶ್ವರಕ್ಕ ಹೋದ್ವಿ, ಹುಲಕೋಟಿ, ಬಿಂಕದಕಟ್ಟಿ, ಒಂದು ಊರು ಬಿಡಲಿಲ್ಲ. ಮನಿ ಮುಂದ ನಿಂತು, “ನಿಮ್ಮ ನೀಲಿ ಕಿವಿ ಮರಿ ಎಲ್ಲೈತ್ರಿ? ನಾ ಏನೂ ಅನ್ನಂಗಿಲ್ಲ, ಇದ್ರ ಒಮ್ಮೆ ನೋಡ್ತೀನಿ,” ಅಂತ ಕೈ ಮುಗದು ಕೇಳೂದು. ಒಬ್ಬರು ಸತ್ತು ಹೋತ್ರಿ ಅಂದ್ರು. ಒಬ್ಬರು ಯಾರೋ ಒಯ್ದ್ರು ಅಂದ್ರು. ಒಬ್ಬಾಕಿ ಮುದುಕಿ ಮಾತ್ರ ಕಣ್ಣಾಗ ಕಣ್ಣಿಟ್ಟು, “ನೀನ ಸಾಯಾಕ ಬರದು ಕೊಟ್ಟಿ, ಈಗ ನೀನ ಕೇಳಾಕ ಬಂದಿಯೇನಪಾ?” ಅಂದ್ಲು. ಡಾಕ್ಟರ್ರು ಆಕಿಗೂ ಕೈ ಮುಗದ್ರು. ಒಂದೊಂದು ಮನಿ ಆದ ಮ್ಯಾಲೂ ಹಳೇ ಟಿಕ್ ಮ್ಯಾಲೆ ಗೀಟು ಎಳದು ಹೊಡದು ಹಾಕತಿದ್ರು. ಹದಿನೈದು ದಿನದಾಗ ಅವರಿಗೆ ಹತ್ತು ವರ್ಷ ವಯಸ್ಸಾತು.

ಕಡೇದು ಲಕ್ಕುಂಡಿ. ನಾ ಬರಂಗಿಲ್ಲ, ಮೈಯಾಗ ಆರಾಮಿಲ್ಲ ಅಂದ್ನಿ. “ಬಾಯಿ ಹಿಡಿಯಾಕ ನೀ ಬೇಕಲ್ಲವಾ,” ಅಂದ್ರು.

ಬಾಂವಿ ದಾಟಿ ಹಿಂದಿನ ಓಣಿಗೆ ಹೋಗೂತ್ಲೆ ಒಂದು ಬಿಳೇ ನಾಯಿ ಓಡಿ ಬಂತು. ಬಾಲದ ತುದಿ ಕರೇದು. ಬಂದದ್ದ ನನ್ನ ಹೆಬ್ಬೆಟ್ಟು ನೆಕ್ಕಿತು. ಡಾಕ್ಟರ್ರು ಪುಸ್ತಕ ನೋಡಿದ್ರು, ನಾಯಿ ಬಾಲ ನೋಡಿದ್ರು. “ಮೂರನೇದು!” ಅಂತ ಚೀರಿದ್ರು. ಆ ಚೀರಿದ ಧ್ವನಿಯೊಳಗಿನ ಖುಷಿ ನನ್ನ ಕಿವ್ಯಾಗ ಇನ್ನೂ ಐತಿ.

ನಾ ಬಾಯಿ ಹಿಡದ್ನಿ. ಅವರು ಮೊಣಕಾಲೂರಿ ತುಟಿ ಎತ್ತಿ ನೋಡಿದ್ರು, ಎಡಕ್ಕ, ಬಲಕ್ಕ. ಮುಂದಿನ ಹಲ್ಲು ಕತ್ತರಿ ಇದ್ಧಂಗ ಇದ್ವು. ತೆಳಗಿನ ಕೋರಿಹಲ್ಲು ಎರಡೂ ಸಂದಿಯೊಳಗ ಬರೋಬ್ಬರಿ ಕುಂತಿದ್ವು, ಯಾವುದಕ್ಕೂ ತಾಗದ.

“ಮನಿ ಸೇರೇತಿ,” ಅಂದ್ರು. ಮತ್ತ ನೋಡಿದ್ರು. ಖುಷಿ ಅವರ ಮುಖದ ಮ್ಯಾಗಿಂದ ಇಳಿಯೂದು ನಾ ಅಲ್ಲೇ ಎದುರಿಗೆ ಕುಂತು ನೋಡಿದ್ನಿ. “ಉಳದವೂ ಸೇರತಿದ್ವು, ಫಕ್ಕೀರವ್ವ. ಉಳದವೂ ಹಿಂಗ ಸೇರತಿದ್ವು.” ಅಳಾಕ ಹತ್ತಿದ್ರು. ನಾಯಿ ಅವರ ಗದ್ದ ನೆಕ್ಕಿತು.

ಆ ಮನಿಯಾಕಿ ನೀರು ತಂದು ಗಾಬರಿಯಾಗಿ ನಿಂತಿದ್ಲು. “ನಾವೇನು ತಪ್ಪು ಮಾಡಿಲ್ರಿ ಸಾಹೇಬ್ರ. ಇದಕ್ಕ ನೀವು ನೀಲಿ ಹಚ್ಚಿರಲಿಲ್ಲ. ನಾಕಕ್ಕೂ ಕಿವಿ ಸ್ವಚ್ಛ ಇದ್ವು, ಅದಕ್ಕ ಇಟಗೊಂಡ್ವಿ. ನೀಲಿ ಇದ್ರ ಯಾರು ಇಟಗೋತಾರ್ರಿ?”

ಡಾಕ್ಟರ್ರು ಅಳೂದು ನಿಲ್ಲಿಸಿದ್ರು. ಪುಸ್ತಕ ತಗದು ತಮ್ಮ ಕೈಬರಹ ಓದಿದ್ರು. ಲಕ್ಕುಂಡಿ, ಮೂರನೇದು, ನೀಲಿ. ಆಮ್ಯಾಲೆ ತಲಿ ಎತ್ತಿ ನನ್ನ ಮುಖಾ ನೋಡಲಿಲ್ಲ, ನಾಯಿ ದವಡಿ ಹಿಡದ ನನ್ನ ಕೈ ನೋಡಿದ್ರು. ಭಾಳ ಹೊತ್ತು ನೋಡಿದ್ರು. ನನಗ ನೆಲ ಬಾಯಿ ತಗದು ನುಂಗಬಾರದಾ ಅನಸ್ತು.

ಗದಗಕ್ಕ ಬರೂ ಬಸ್ಸಿನ್ಯಾಗ ನನ್ನ ಬಾಜೂಕ ಜಾಗಾ ಇದ್ರೂ ಮುಂದ ಹೋಗಿ ಕುಂತ್ರು.

ಮರುದಿನ ದವಾಖಾನಿ ಬಾಗಿಲಾ ಮುಚ್ಚಿದ್ರು. ನೀಲಿ ಬಾಟ್ಲಿ ಗಟಾರಕ್ಕ ಸುರುವಿದ್ರು. ಓಣಿ ಉದ್ದಕ್ಕೂ ನೀಲಿ ಹರೀತು. ನೂಲಿಗೆ ಬಣ್ಣಾ ಹಾಕೂ ಬೆಟಗೇರಿಯೊಳಗ ಬಣ್ಣದ ನೀರು ಹೊಸಾದಲ್ಲ, ಯಾರೂ ಏನಂತ ಕೇಳಲಿಲ್ಲ. ನಾಯಿ ಬುರುಡಿನ್ನ ಟವೆಲ್ ಸೈತ ಬೇವಿನ ಗಿಡದ ಬುಡಕ ಹುಗಿಯಾಕ ಹೋದ್ರು. ಅಲ್ಲೆ ಅಗದಾಗ ನಾ ಮುಚ್ಚಿದ್ದ ಆ ಎರಡು ಮರಿ ಎಲುಬು ಹತ್ತಿದ್ವು. ಅದನ್ನೂ ನೋಡಿದ್ರು. ಮತ್ತ ಮಣ್ಣು ಎಳದು ಮುಚ್ಚಿದ್ರು. ನಾ ಬಾಗಿಲದಾಗ ನಿಂತಿದ್ನಿ.

ಅದಾದ ಮ್ಯಾಲೂ ದಿನಾ ಹೋಗಿ ಕಸಾ ಹೊಡದು ಬರತಿದ್ನಿ. “ಚಾ ಕುಡದು ಹೋಗು,” ಅಂತಿದ್ರು, ಅದೊಂದ ಮಾತು. ಕೇಳಲಿ, ಒಮ್ಮೆ ಕೇಳಲಿ, ಕಾಲ ಹಿಡದು ಎಲ್ಲಾ ಹೇಳ್ತೀನಿ ಅಂತ ದಿನಾ ಕಾಯತಿದ್ನಿ. ಅವರು ಕೇಳಲಿಲ್ಲ. ನಾನಾಗಿ ಬಾಯಿ ತಗೀಲಿಲ್ಲ. ಸಾವಿರ ಬಾಯಿ ತಗದ ಕೈ ಇವು, ನನ್ನ ಬಾಯಿ ತಗಿಯಾಕ ಬರಲಿಲ್ಲ. ಯಾರರ ಬೆಕ್ಕು ತೊಗೊಂಡು ಬಂದ್ರ ಡಾಕ್ಟರ್ರು ಕೈ ಹಿಂದ ಕಟಗೊಂಡು, “ನಾ ನೋಡೂದು ಬಿಟ್ಟೀನಿ,” ಅಂತಿದ್ರು. ಊಟ ಕಡಿಮಿ ಆತು. ಎಂಟು ತಿಂಗಳಿನ್ಯಾಗ ಮುಗದು ಹೋದ್ರು.

ಹುಲಕೋಟಿಯಿಂದ ಅವರ ಅಕ್ಕ ಬಂದಿದ್ಲು. ನಮ್ಮ ಕಡೆ ಹೆಣಾ ಗ್ವಾಡಿಗೆ ಕುಂಡ್ರಸ್ತಾರ. ಕುಂಡ್ರಿಸಿ, ಹಣಿಗೆ ಇಬತ್ತಿ ಹಚ್ಚಿದ್ರು. ಬಾಯಿ ಮಾತ್ರ ಮುಚ್ಚವಲ್ದು. ದವಡಿ ಮುಂದ ಇದ್ದದ್ದಕ್ಕ ಅರವಿ ಕಟ್ಟಿದ್ರ ಜಾರತಿತ್ತು. ಮಂದಿ ಅತ್ತಾಗಿತ್ತಾಗ ನೋಡಾಕ ಹತ್ತಿದ್ರು.

“ಫಕ್ಕೀರವ್ವ, ನಿನಗ ರೂಢಿ ಐತಲ್ಲ. ನೀನ ಹಿಡಿಯವಾ,” ಅಂದ್ಲು ಅವರ ಅಕ್ಕ.

ಎಡಗೈ ದವಡಿ ತೆಳಗ, ಬಲಗೈ ಮ್ಯಾಲೆ. ಬಿಗಿ ಅಲ್ಲ, ಸಡ್ಲ ಅಲ್ಲ. ತೆಳಗಿನ ಹಲ್ಲು ಮ್ಯಾಲಿನ ಹಲ್ಲಿನ ಮುಂದ, ಇದ್ಧಂಗ ಇರಲಿ ಅಂತ ಬಿಟ್ಟು, ಬಾಯಿ ಮುಚ್ಚಿಸಿದ್ನಿ. ಅರವಿ ಸುತ್ತಿ ನೆತ್ತಿ ಮ್ಯಾಲೆ ಗಂಟು ಹಾಕೂ ಮುಂದ ಅವರ ಬಲಗಿವಿ ಹಂತ್ಯಾಕ ಬಗ್ಗಿ ಹೇಳಿದ್ನಿ.

“ನನಗ ಮೊದಲಿಂದಾನೂ ಗೊತ್ತಿತ್ರಿ, ಸರ.”

ಅವರ ಅಕ್ಕ ತಲಿ ಎತ್ತಿದ್ಲು. “ಏನಂದಿವಾ?”

“ಏನಿಲ್ರಿ ಅಕ್ಕಾರ,” ಅಂದ್ನಿ. “ಗಂಟು ಬಿಗಿ ಆತೇನು ಅಂದ್ನಿ.”